ಹಂಚಿಕೊಂಡ ದತ್ತಮಾದರಿಯೂ ಎಳೆಗಳ ಸುರಕ್ಷೆಯೂ: ಪಹಣಿಯ ನಿದರ್ಶನದಿಂದ ಒಂದು ವಿಮರ್ಶೆ

1

ಗಣಕಶಾಸ್ತ್ರದ ಪಠ್ಯಗಳಲ್ಲಿ ಕೆಲವು ವಿಶೇಷಣಗಳು ಬಹು ಬೇಗನೆ ಪ್ರಮಾಣಪತ್ರದ ಗೌರವವನ್ನು ಪಡೆದುಬಿಡುತ್ತವೆ. ‘ಥ್ರೆಡ್-ಸೇಫ್’ ಎಂಬುದು ಅಂಥ ವಿಶೇಷಣಗಳಲ್ಲೊಂದು. ಒಂದೇ ತಂತ್ರಾಂಶದೊಳಗೆ ಏಕಕಾಲದಲ್ಲಿ ಸಾಗುವ ಬೇರೆ ಬೇರೆ ಕಾರ್ಯಧಾರೆಗಳಿಗೆ ಥ್ರೆಡ್ ಎಂಬ ಹೆಸರು ರೂಢವಾಗಿದೆ. ಕನ್ನಡದಲ್ಲಿ ಅವನ್ನು ಎಳೆಗಳೆಂದು ಕರೆದರೆ ಅರ್ಥಕ್ಕೆ ಯಾವ ಕುಂದೂ ಬರುವುದಿಲ್ಲವಾದ್ದರಿಂದ ಈ ಲೇಖನದಲ್ಲಿ ಆ ಮಾತನ್ನೇ ಬಳಸುತ್ತೇವೆ. ಹೊರಲೋಕದ ಒಂದು ವಸ್ತುವನ್ನು ಪ್ರತಿನಿಧಿಸಲು ತಂತ್ರಾಂಶವು ತನ್ನ ಸ್ಮೃತಿಯಲ್ಲಿ ಕಟ್ಟಿಕೊಂಡಿರುವ ರಚನೆಯೇ ದತ್ತಮಾದರಿ. ಹಲವು ಎಳೆಗಳು ಒಂದೇ ದತ್ತಮಾದರಿಯನ್ನು ಹಂಚಿಕೊಂಡು, ಒಂದು ಓದುತ್ತಿರುವಾಗಲೇ ಮತ್ತೊಂದು ತಿದ್ದುತ್ತಿದ್ದರೂ ಅದರ ಸತ್ಯವು ಕೆಡದಂತೆ ಉಳಿಯುವುದಕ್ಕೆ ಎಳೆಗಳ ಸುರಕ್ಷೆ ಎನ್ನಬಹುದು.

ಈ ಸುರಕ್ಷೆಯು ದತ್ತಮಾದರಿಗೆ ಅಂಟಿಕೊಂಡ ಗುಣವೆಂದೂ, ಬೇಕಾದಲ್ಲಿ ಒಂದು ಬೀಗವನ್ನು ಹಾಕಿದರೆ ಅದು ಸಿದ್ಧಿಸುತ್ತದೆಂದೂ ಸಾಮಾನ್ಯವಾಗಿ ಬೋಧಿಸಲಾಗುತ್ತಿದೆ. ಈ ಮತವು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ. ಸುರಕ್ಷೆಯು ವಸ್ತುವಿನ ಗುಣವಲ್ಲ. ಆ ವಸ್ತುವಿನೊಡನೆ ವ್ಯವಹರಿಸುವವರೆಲ್ಲರೂ ಒಪ್ಪಿಕೊಂಡಿರುವ ಕಟ್ಟಳೆಯ ಗುಣ. ಬೀಗವು ಆ ಕಟ್ಟಳೆಯನ್ನು ಜಾರಿಗೊಳಿಸುವ ಉಪಕರಣಗಳಲ್ಲಿ ಒಂದು ಮಾತ್ರ. ಇದನ್ನು ಸ್ಪಷ್ಟಪಡಿಸುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಕಂದಾಯ ಇಲಾಖೆಯು ಇಟ್ಟಿರುವ ಪಹಣಿ ಪತ್ರಿಕೆ, ಎಂದರೆ ಗದಗ-ಧಾರವಾಡ ಸೀಮೆಯ ರೈತರು ಉತಾರವೆಂದು ಕರೆಯುವ ದಾಖಲೆ, ಹಲವರು ಹಂಚಿಕೊಂಡು ಓದುವ, ಹಲವರ ಅರ್ಜಿಯಿಂದ ಬದಲಾಗುವ ದತ್ತಮಾದರಿಯೇ ಆಗಿದೆ. ಪದಸಾಮ್ಯವೊಂದು ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಹಕ್ಕಿನ ಬದಲಾವಣೆಯನ್ನು ಕಂದಾಯದವರು ಮ್ಯುಟೇಶನ್ ಎನ್ನುತ್ತಾರೆ. ದತ್ತದ ಬದಲಾವಣೆಗೆ ತಂತ್ರಾಂಶ ರಚಿಸುವವರು ಬಳಸುವ ಪದವೂ ಅದೇ. ಎರಡು ಕಡೆಗಳಲ್ಲಿಯೂ ಕೇಡು ಹುಟ್ಟುವುದು ಇದೇ ಸ್ಥಳದಲ್ಲಿ.

2

ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲೂಕಿನಲ್ಲಿ ಯಳವತ್ತಿ ಎಂಬ ಗ್ರಾಮವಿದೆ. ಆ ಗ್ರಾಮದಲ್ಲಿ 8 ಎಕರೆಯ ಒಂದು ಹೊಲವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಹೊಲದ ಒಡೆಯನು 3 ಎಕರೆಯನ್ನು ಒಬ್ಬನಿಗೂ 2 ಎಕರೆಯನ್ನು ಇನ್ನೊಬ್ಬನಿಗೂ ಮಾರಿದ್ದಾನೆ. ಈ ಎರಡು ಮಾರಾಟಗಳನ್ನು ದಾಖಲಿಸುವ ಕೆಲಸವು ತಂತ್ರಾಂಶದ ಎರಡು ಎಳೆಗಳಿಗೆ ಏಕಕಾಲದಲ್ಲಿ ಬಂದಿತೆನ್ನೋಣ. ಮೊದಲನೆಯ ಎಳೆಯು ಒಡೆಯನ ಹೆಸರಿನಲ್ಲಿ 8 ಎಕರೆಯಿದೆಯೆಂದು ಓದಿತು. ಅದು ಬರೆಯುವ ಮೊದಲೇ ಎರಡನೆಯದೂ 8 ಎಂದೇ ಓದಿತು. ಮೊದಲನೆಯದು 3 ಕಳೆದು 5 ಎಂದು ಬರೆಯಿತು. ಎರಡನೆಯದು ತಾನು ಓದಿದ 8ರಲ್ಲಿ 2 ಕಳೆದು, ಆ 5ರ ಮೇಲೆಯೇ 6 ಎಂದು ಬರೆಯಿತು. ಕೊಂಡವರ ಹೆಸರಿನಲ್ಲಿ 3 ಮತ್ತು 2 ಎಕರೆಗಳು ಸರಿಯಾಗಿಯೇ ದಾಖಲಾದವು. ಈಗ ಕೂಡಿಸಿ ನೋಡಿದರೆ ಕಾಗದದ ಮೇಲೆ ಹೊಲವು 11 ಎಕರೆಯಾಗಿದೆ. ಯಳವತ್ತಿಯ ಎರೆಯಾಗಲಿ ಮಸಾರಿಯಾಗಲಿ ಹೀಗೆ ಬೆಳೆಯುವ ನೆಲವಲ್ಲ. ಎರಡೂ ಎಳೆಗಳು ತಮ್ಮ ತಮ್ಮ ಲೆಕ್ಕವನ್ನು ತಪ್ಪಿಲ್ಲದೆ ಮಾಡಿವೆ. ಆದರೂ ಒಟ್ಟು ಫಲ ಸುಳ್ಳು. ಬೇರೆ ಬೇರೆಯಾಗಿ ಸರಿಯಾದ ಕೆಲಸಗಳು ಒಂದರೊಡನೊಂದು ಹೆಣೆದುಕೊಂಡಾಗ ಹುಟ್ಟುವ ಇಂಥ ಕೇಡಿಗೆ ಪೈಪೋಟಿ ದೋಷವೆಂದು ಹೆಸರಿಡಬಹುದು.

ಇದು ಕೇವಲ ಅಂಕಗಣಿತದ ವಿನೋದವಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೆಯ ಪ್ರಕರಣದ ಮೇರೆಗೆ ಹಕ್ಕುದಾಖಲೆಯಲ್ಲಿಯ ನಮೂದು, ವಿರುದ್ಧವಾದುದು ಸಿದ್ಧವಾಗುವವರೆಗೆ ಅಥವಾ ಕಾನೂನಿನಂತೆ ಹೊಸ ನಮೂದು ಬರುವವರೆಗೆ, ಸತ್ಯವೆಂದೇ ಭಾವಿಸಲ್ಪಡುತ್ತದೆ. ಹೀಗಿರುವಲ್ಲಿ, ಇಲ್ಲದ 3 ಎಕರೆಯು ಒಮ್ಮೆ ದಾಖಲೆಗೆ ಬಂದಿತೆಂದರೆ ಅದರ ಮೇಲೆ ಸಾಲ ಹುಟ್ಟಬಹುದು, ಮತ್ತೊಂದು ಮಾರಾಟ ನಡೆಯಬಹುದು. ಅದು ಸುಳ್ಳೆಂದು ಸಾಧಿಸುವ ಹೊರೆ ಪಾಪ, ಹೊಲ ಕಳೆದುಕೊಂಡವನ ತಲೆಯ ಮೇಲೆ ಬೀಳುತ್ತದೆ.

ಬೀಗದ ಮತದವರು ಇದಕ್ಕೆ ಸುಲಭವಾಗಿ ಉತ್ತರ ಕೊಡುವರು. ಪ್ರತಿಯೊಂದು ಹೆಸರಿನ ಸಾಲಿಗೂ ಒಂದು ಬೀಗವಿರಲಿ. ಆ ಸಾಲನ್ನು ಓದಿ ತಿದ್ದಿ ಮುಗಿಯುವವರೆಗೆ ಮತ್ತೊಬ್ಬರು ಅದನ್ನು ಮುಟ್ಟದಿರಲಿ ಎಂಬುದು ಅವರ ಅಂಬೋಣ. ಇದರಿಂದ ಮೇಲಿನ ದೋಷವು ನೀಗುತ್ತದೆ. ಆದರೆ ಬೇರೆ ಎರಡು ದೋಷಗಳು ಉಳಿಯುತ್ತವೆ. ಮಾರಿದವನ ಸಾಲಿನಿಂದ 3 ಎಕರೆ ಕಳೆದು ಬೀಗ ತೆಗೆದ ಮೇಲೆ, ಕೊಂಡವನ ಸಾಲಿಗೆ ಅದನ್ನು ಸೇರಿಸುವ ಮುನ್ನ ಒಂದು ಕ್ಷಣವಿದೆ. ಆ ಕ್ಷಣದಲ್ಲಿ ಪಹಣಿಯನ್ನು ಓದಿದ ಎಳೆಗೆ ಹೊಲವು 5 ಎಕರೆಯಾಗಿಯೇ ಕಾಣುತ್ತದೆ. 3 ಎಕರೆಯು ಯಾರದೂ ಅಲ್ಲ. ಒಂದೊಂದು ಸಾಲೂ ಸುರಕ್ಷಿತವಾಗಿದೆ, ಪಹಣಿಯು ಸುರಕ್ಷಿತವಾಗಿಲ್ಲ. ಕಾಪಾಡಬೇಕಾದದ್ದು ಸಾಲನ್ನಲ್ಲ, ಹಿಡುವಳಿಗಳ ಮೊತ್ತವು ಸರ್ವೆ ನಂಬರಿನ ಒಟ್ಟು ಕ್ಷೇತ್ರಕ್ಕೆ ಸಮನಾಗಿರಬೇಕೆಂಬ ನಿಯಮವನ್ನು. ಆದುದರಿಂದ ಆ ನಿಯಮದ ವ್ಯಾಪ್ತಿ ಎಷ್ಟು ದೊಡ್ಡದೋ ರಕ್ಷಣೆಯ ವ್ಯಾಪ್ತಿಯೂ ಅಷ್ಟೇ ದೊಡ್ಡದಾಗಿರತಕ್ಕದ್ದು.

ಎರಡನೆಯ ದೋಷ ಇನ್ನೂ ಸೂಕ್ಷ್ಮವಾದದ್ದು. ಪಹಣಿಯ 11ನೆಯ ಅಂಕಣದಲ್ಲಿ ಋಣಗಳ ನಮೂದಿರುತ್ತದೆ. ಒಂದು ಎಳೆಯು ಸಾಲ ಕೊಡುವ ಸಂಸ್ಥೆಯೊಂದರ ಪರವಾಗಿ ಆ ಅಂಕಣವನ್ನು ಓದಿ, ಯಾವ ಬೋಜೆಯೂ ಇಲ್ಲವೆಂದು ಕಂಡು, ಸಾಲ ಕೊಡಬಹುದೆಂದು ನಿರ್ಣಯಿಸುತ್ತದೆ. ಅಷ್ಟರಲ್ಲಿ ಬೇರೊಂದು ಸಂಸ್ಥೆಯ ಎಳೆಯೂ ಅದನ್ನೇ ಓದಿ ಅದೇ ನಿರ್ಣಯಕ್ಕೆ ಬರುತ್ತದೆ. ಅನಂತರ ಎರಡೂ ತಮ್ಮ ಋಣಗಳನ್ನು ಕ್ರಮವಾಗಿ, ಬೀಗ ಹಾಕಿಯೇ, ಬರೆಯುತ್ತವೆ. ಓದು ಶುದ್ಧ, ಬರಹ ಶುದ್ಧ. ಇವೆರಡರ ನಡುವಿನ ನಿರ್ಣಯ ಮಾತ್ರ ಹಳಸಿದ್ದು. ಜಾವಾ ಭಾಷೆಯ ವೆಕ್ಟರ್ ಎಂಬ ಸಂಗ್ರಹವು ಇದಕ್ಕೆ ಒಳ್ಳೆಯ ದೃಷ್ಟಾಂತ. ಅದರ ಒಂದೊಂದು ಕ್ರಿಯೆಯೂ ಬೀಗದ ಒಳಗೇ ನಡೆಯುತ್ತದೆ. ಆದರೂ ‘ಇಲ್ಲದಿದ್ದರೆ ಸೇರಿಸು’ ಎಂದು ಎರಡು ಕ್ರಿಯೆಗಳನ್ನು ಜೋಡಿಸಿದೊಡನೆ ಸುರಕ್ಷೆ ಹಾರಿಹೋಗುತ್ತದೆ. 2004ರಲ್ಲಿ ಜಾವಾ 5ರೊಡನೆ ಬಂದ ಕಾನ್‌ಕರೆಂಟ್ ಹ್ಯಾಷ್‌ಮ್ಯಾಪ್ ಎಂಬ ಸಂಗ್ರಹದಲ್ಲಿ ಈ ಜೋಡಿಯನ್ನೇ ಒಂದು ಅಖಂಡ ಕ್ರಿಯೆಯಾಗಿ ಒದಗಿಸಬೇಕಾಯಿತು. ಸುರಕ್ಷಿತ ಭಾಗಗಳನ್ನು ಕೂಡಿಸಿದರೆ ಸುರಕ್ಷಿತವಾದ ಇಡಿಯು ದೊರೆಯುವುದೆಂಬ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ.

3

ಪೂರ್ವಸೂರಿಗಳು ಈ ವಿಷಯವಾಗಿ ಏನು ಹೇಳಿದ್ದಾರೆಂಬುದನ್ನು ಈಗ ನೋಡೋಣ. 1965ರಲ್ಲಿ ಡೈಕ್‌ಸ್ಟ್ರಾ ಅವರು ಪ್ರಕಟಿಸಿದ ಅತಿ ಚಿಕ್ಕ ಲೇಖನವು ಈ ಶಾಸ್ತ್ರದ ಮೂಲಗಳಲ್ಲೊಂದು. ಎಷ್ಟೇ ಕಾರ್ಯಧಾರೆಗಳಿದ್ದರೂ ನಿರ್ಣಾಯಕ ಭಾಗದೊಳಗೆ ಒಂದು ಕಾಲಕ್ಕೆ ಒಂದೇ ಇರುವಂತೆ ಮಾಡುವ ಬಗೆಯನ್ನು ಅವರು ಅಲ್ಲಿ ತೋರಿಸಿಕೊಟ್ಟರು. ಆದರೆ ಆ ಲೇಖನದ ಪ್ರಶ್ನೆಯು ಬಾಗಿಲಿನದು, ಮನೆಯದಲ್ಲ. ಬಾಗಿಲ ಒಳಗೆ ಯಾವ ಯಾವ ಕೆಲಸಗಳು ಸೇರಬೇಕೆಂಬುದನ್ನು ಅದು ಕೇಳುವುದಿಲ್ಲ. ಇದು ಅವರ ದೋಷವಲ್ಲ. ಬಾಗಿಲನ್ನೇ ಮನೆಯೆಂದು ತಿಳಿದ ನಂತರದವರ ದೋಷ.

1974ರಲ್ಲಿ ಹೋರ್ ಅವರು ಮಾನಿಟರ್ ಎಂಬ ಕಲ್ಪನೆಯನ್ನು ವಿವರಿಸಿದಾಗ ವಿಚಾರವು ಒಂದು ಹೆಜ್ಜೆ ಮುಂದುವರಿಯಿತು. ದತ್ತವನ್ನೂ ಅದನ್ನು ತಿದ್ದುವ ಕ್ರಿಯೆಗಳನ್ನೂ ಒಂದೇ ಮಾಡಿನ ಕೆಳಗೆ ತಂದು, ಆ ದತ್ತದ ಬಗ್ಗೆ ಸದಾ ಸತ್ಯವಾಗಿರಬೇಕಾದ ನಿಯಮವೊಂದನ್ನು ಹೇಳಿ, ಪ್ರತಿಯೊಂದು ಕ್ರಿಯೆಯೂ ಹೊರಬೀಳುವಾಗ ಅದನ್ನು ಪಾಲಿಸಿರಬೇಕೆಂದು ಅವರು ವಿಧಿಸಿದರು. ಮೇಲೆ ಹೇಳಿದ ಒಟ್ಟು ಕ್ಷೇತ್ರದ ನಿಯಮವು ಇಂಥದೇ. ಇದೇ ಕಲ್ಪನೆಯನ್ನು ರೂಪಿಸುವುದರಲ್ಲಿ ಪಾಲುಗೊಂಡಿದ್ದ ಬ್ರಿಂಚ್ ಹ್ಯಾನ್ಸನ್ ಅವರು 1999ರಲ್ಲಿ ಜಾವಾ ಭಾಷೆಯನ್ನು ಕಟುವಾಗಿ ಟೀಕಿಸಿದರು. ಆ ಭಾಷೆಯು ಮಾನಿಟರಿನ ಹೆಸರನ್ನು ಉಳಿಸಿಕೊಂಡು ಅದರ ಶಿಸ್ತನ್ನು ಕೈಬಿಟ್ಟಿತು; ಯಾವ ಕ್ರಿಯೆಗೆ ಬೀಗ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬರೆಯುವವನ ನೆನಪಿಗೆ ಒಪ್ಪಿಸಿತು. ಈ ಟೀಕೆಯು ನ್ಯಾಯವಾದದ್ದೆಂದೇ ನಮಗೆ ತೋರುತ್ತದೆ. ನೂರು ಕಡೆ ನೆನಪಿಟ್ಟು ಒಂದು ಕಡೆ ಮರೆತರೆ ಆ ನೂರೂ ವ್ಯರ್ಥವೆನ್ನಬೇಕಾದ ಕೆಲಸವನ್ನು ಮನುಷ್ಯನ ನೆನಪಿಗೆ ಬಿಡುವುದು ವಿವೇಕವಲ್ಲ.

ಮರೆತದ್ದು ಪರೀಕ್ಷೆಯಲ್ಲಿ ಕಂಡೀತೆಂಬ ಸಮಾಧಾನಕ್ಕೂ ಎಡೆಯಿಲ್ಲ. 2006ರಲ್ಲಿ ಎಡ್ವರ್ಡ್ ಲೀ ಅವರು ಎಳೆಗಳ ಸಮಸ್ಯೆಯನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ ತಮ್ಮ ಬರ್ಕ್‌ಲಿಯ ಟಾಲೆಮಿ ಯೋಜನೆಯ ಒಂದು ಅನುಭವವನ್ನು ಹೇಳಿದ್ದಾರೆ. 2000ದಲ್ಲಿ ಬರೆಯತೊಡಗಿದ ಆ ತಂತ್ರಾಂಶದ ತಿರುಳನ್ನು ಪರಿಣತರು ಸಾಲುಸಾಲಾಗಿ ಓದಿ ಒಪ್ಪಿದ್ದರು. ಎಲ್ಲ ಸಾಲುಗಳನ್ನೂ ಮುಟ್ಟುವ ಪರೀಕ್ಷೆಗಳೂ ನಡೆದಿದ್ದವು. ಅಷ್ಟಾಗಿಯೂ 2004ರ ಏಪ್ರಿಲ್ 26ರಂದು ಅದರ ಎಳೆಗಳು ಒಂದನ್ನೊಂದು ಕಾಯುತ್ತ ಕಲ್ಲಾಗಿ ನಿಂತವು. ಜೀವಹಾನಿಯ ನಿದರ್ಶನವೂ ಇದೆ. 1985ರಿಂದ 1987ರವರೆಗೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರವು ಉತ್ತರ ಅಮೇರಿಕದಲ್ಲಿ ಆರು ಮಂದಿ ರೋಗಿಗಳಿಗೆ ಮಿತಿಮೀರಿದ ವಿಕಿರಣವನ್ನು ಕೊಟ್ಟಿತು. ಕೆಲವರು ಅದರಿಂದಲೇ ಸತ್ತರು. ಅದರ ಕಾರಣಗಳಲ್ಲೊಂದು ಹಂಚಿಕೊಂಡ ಚರಗಳ ಮೇಲಿನ ಪೈಪೋಟಿ. ಯಂತ್ರದ ಅಯಸ್ಕಾಂತಗಳು ಅಣಿಯಾಗುವ ಸುಮಾರು 8 ಸೆಕೆಂಡುಗಳೊಳಗೆ ನಿರ್ವಾಹಕರು ಪರದೆಯ ಮೇಲಿನ ನಮೂದನ್ನು ತಿದ್ದಿದರೆ ಆ ತಿದ್ದುಪಡಿಯು ಯಂತ್ರಕ್ಕೆ ಪೂರ್ತಿ ತಲುಪುತ್ತಿರಲಿಲ್ಲ. ಕೈ ಪಳಗಿ ಬೇಗ ಬೇಗನೆ ಬೆರಳಚ್ಚು ಮಾಡುವವರಿಗೆ ಮಾತ್ರ ಈ ದೋಷವು ಎದುರಾಗುತ್ತಿತ್ತು. ನಿಧಾನವಾಗಿ ನಡೆಸಿದ ಪರೀಕ್ಷೆಗೆ ಅದು ಸಿಕ್ಕೀತೆ?

ಲೀ ಅವರ ಮುಖ್ಯ ವಾದವು ಇಷ್ಟು. ಎಳೆಗಳು ಗಣನೆಯ ನಿಶ್ಚಿತತೆಯನ್ನು ಮೊದಲಿಗೇ ಬಿಟ್ಟುಕೊಡುತ್ತವೆ. ಬೀಗಗಳಿಂದ ಆ ಅನಿಶ್ಚಿತತೆಯನ್ನು ಅಷ್ಟಿಷ್ಟು ಕತ್ತರಿಸುತ್ತ ಹೋಗುವುದು ಹಿಂದುಮುಂದಾದ ಕ್ರಮ. ನಿಶ್ಚಿತವಾದುದರಿಂದ ಆರಂಭಿಸಿ, ಬೇಕಾದೆಡೆಯಲ್ಲಿ ಮಾತ್ರ ತಿಳಿದು ತಿಳಿದು ಅನಿಶ್ಚಿತತೆಯನ್ನು ತರಬೇಕು. ರೋಗನಿದಾನದ ಮಟ್ಟಿಗೆ ಇದನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆದರೆ ಅಷ್ಟಕ್ಕೇ ನಿಲ್ಲುವಂತಿಲ್ಲ. ಯಳವತ್ತಿಯ ಹೊಲವನ್ನು ಕೊಂಡವರಲ್ಲಿ ಯಾರು ಮೊದಲು ಬಂದಾರೆಂಬ ಅನಿಶ್ಚಿತತೆಯನ್ನು ಎಳೆಗಳು ತಂದದ್ದಲ್ಲ, ಲೋಕವೇ ತಂದದ್ದು. ಅವರನ್ನು ಒಂದು ಸರದಿಯಲ್ಲಿ ನಿಲ್ಲಿಸುವುದು ಅವಶ್ಯ. ಆದರೆ ಸರದಿಯು ಕ್ರಮವನ್ನು ಕೊಡುತ್ತದೆ, ನ್ಯಾಯವನ್ನು ಕೊಡುವುದಿಲ್ಲ. ಒಡೆಯನು ಇದೇ ಹೊಲದ 8 ಎಕರೆಯನ್ನೂ ಇಬ್ಬರಿಗೆ ಎರಡು ಸಲ ಮಾರಿದ್ದರೆ, ಎರಡನೆಯ ಅರ್ಜಿಯು ಸರದಿಯಲ್ಲಿ ಶಿಸ್ತಾಗಿ ನಿಂತು ಬಂದಿತೆಂಬ ಮಾತ್ರಕ್ಕೆ ಅದನ್ನು ದಾಖಲಿಸಬಹುದೆ? ತನ್ನ ಸರದಿ ಬಂದಾಗ ಅರ್ಜಿಯನ್ನು ಆಗಿನ ಸ್ಥಿತಿಯೊಡನೆ ಮತ್ತೆ ತಾಳೆನೋಡುವ, ತಾಳೆಯಾಗದಿದ್ದರೆ ನಿರಾಕರಿಸುವ ಅಧಿಕಾರವೂ ಇರಲೇಬೇಕು.

4

ಕಂದಾಯದ ಕ್ರಮವು ನಮಗೆ ಪಾಠ ಹೇಳುವುದು ಈ ಸ್ಥಳದಲ್ಲಿಯೇ. ಭೂಕಂದಾಯ ಅಧಿನಿಯಮದ 128 ಮತ್ತು 129ನೆಯ ಪ್ರಕರಣಗಳ ಪ್ರಕಾರ ಹಕ್ಕು ಪಡೆದವನು ಅದನ್ನು ವರದಿ ಮಾಡುತ್ತಾನೆ. ಅದು ನೇರವಾಗಿ ಹಕ್ಕುದಾಖಲೆಗೆ ಹೋಗದೆ ಮೊದಲು ಮ್ಯುಟೇಶನ್ ರಿಜಿಸ್ಟರಿನಲ್ಲಿ ನಮೂದಾಗುತ್ತದೆ. ನಮೂದಿನ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸುತ್ತಾರೆ. ಸಂಬಂಧಪಟ್ಟವರಿಗೆ ತಿಳಿವಳಿಕೆ ಹೋಗುತ್ತದೆ. ತಕರಾರು ಬಂದರೆ ಅದಕ್ಕೆ ಬೇರೆಯೇ ರಿಜಿಸ್ಟರು. ಅಧಿಕಾರಿಯು ಪರಿಶೀಲಿಸಿ ಪ್ರಮಾಣೀಕರಿಸಿದ ಮೇಲೆ ಬದಲಾವಣೆಯು ನೆಲೆಗೊಳ್ಳುತ್ತದೆ. ರೈತನ ಕೈಗೆ ಬರುವುದು ಮೂಲ ದಾಖಲೆಯಲ್ಲ, ಪ್ರತಿ. ಆ ಪ್ರತಿಯನ್ನು ಅವನು ನೂರು ಸಲ ಓದಬಹುದು, ಹತ್ತು ಮಂದಿಗೆ ತೋರಿಸಬಹುದು, ತಿದ್ದುವಂತಿಲ್ಲ. ಅದು ಅವಿಕಾರಿ. ಬದಲಾಗದ ವಸ್ತುವನ್ನು ಎಷ್ಟು ಎಳೆಗಳು ಹಂಚಿಕೊಂಡರೂ ಪೈಪೋಟಿಗೆ ಅವಕಾಶವೇ ಇಲ್ಲವೆಂಬುದು ತಂತ್ರಾಂಶ ರಚನೆಯಲ್ಲಿಯೂ ಅತ್ಯಂತ ಬೆಲೆಯುಳ್ಳ ಸೂತ್ರ.

ತಿದ್ದುವ ಕೈ ಒಂದೇ ಇದ್ದರೆ ಸಾಲದೆ ಎಂದು ಕೆಲವರು ಕೇಳಬಹುದು. ಈ ಉಪಾಯವೂ ಹೊಸದಲ್ಲ. ಆಂಡ್ರಾಯ್ಡ್ ತಂತ್ರಾಂಶಗಳಲ್ಲಿ ಪರದೆಯ ಮೇಲಿನ ಅಂಗಗಳನ್ನು ಮುಖ್ಯ ಎಳೆಯೊಂದೇ ತಿದ್ದತಕ್ಕದ್ದೆಂಬ ನಿಯಮವಿದೆ. ಆಪಲ್ ಸಂಸ್ಥೆಯ ಕೋರ್ ಡೇಟಾ ವ್ಯವಸ್ಥೆಯಲ್ಲಿ ಒಂದು ಎಳೆಗೆ ಸೇರಿದ ವಸ್ತುವನ್ನೇ ಇನ್ನೊಂದಕ್ಕೆ ದಾಟಿಸಕೂಡದು. ಅದರ ಗುರುತನ್ನು ಮಾತ್ರ ದಾಟಿಸಬೇಕು. ಚಾವಡಿಯ ಪುಸ್ತಕವನ್ನು ಹೊತ್ತೊಯ್ಯದೆ ಸರ್ವೆ ನಂಬರನ್ನು ಬರೆದುಕೊಂಡು ಹೋಗುವುದಕ್ಕೆ ಇದು ಸಮಾನ. ಆದರೆ ಒಂಟಿ ಕೈಯ ಮಿತಿಯನ್ನೂ ನಮ್ಮ ನಾಡು ಕಂಡಿದೆ. ಗಣಕೀಕರಣದ ಹಿಂದೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳು, ನಮ್ಮ ಭಾಗದ ಮಾತಿನಲ್ಲಿ ತಲಾಠಿಗಳು, ತಂತಮ್ಮ ಗ್ರಾಮಗಳ ಪಹಣಿಯನ್ನು ತಾವೇ ಬರೆಯುತ್ತಿದ್ದರು. ಬರೆಯುವವನು ಒಬ್ಬನೇ ಆದ್ದರಿಂದ ಇಬ್ಬರ ಬರಹ ಹೆಣೆದುಕೊಳ್ಳುವ ಭಯವಿರಲಿಲ್ಲ. ಅದಕ್ಕೆ ಬದಲು, ಬರೆದುದಕ್ಕೆ ಸಾಕ್ಷಿಯಿರಲಿಲ್ಲ. ಯಾರ ಅರ್ಜಿ ಮೊದಲು ಬಂದಿತೆಂಬುದೂ ಅವನು ಹೇಳಿದಂತೆಯೇ. ಸುಸಂಗತಿಯಿತ್ತು, ವಿಶ್ವಾಸವಿರಲಿಲ್ಲ.

2001ರಲ್ಲಿ ಬಳಕೆಗೆ ಬಂದ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದರ ಹಿರಿಮೆಯನ್ನು ನಾವು ಈ ಸಂಖ್ಯೆಯಲ್ಲಿ ಕಾಣುವುದಿಲ್ಲ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ಕೈಗೆತ್ತಿಕೊಳ್ಳಬೇಕೆಂದು ಅದು ವಿಧಿಸಿತು. ತಿದ್ದುವ ಅಧಿಕಾರಿಯು ಬೆರಳಚ್ಚಿನ ಗುರುತು ಕೊಟ್ಟೇ ಒಳಗೆ ಹೋಗಬೇಕೆಂದು ಮಾಡಿತು. ಕೈಬರಹದ ಪಹಣಿಗೆ ಇದ್ದ ಮಾನ್ಯತೆಯನ್ನು ತೆಗೆದುಹಾಕಿತು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದೇ ಸತ್ಯದ ಎರಡು ಮೂಲಗಳು, ಒಂದು ಗಣಕದಲ್ಲಿ ಒಂದು ತಲಾಠಿಯ ದಪ್ತರದಲ್ಲಿ, ಜೊತೆಜೊತೆಗೆ ಬದಲಾಗುತ್ತಿದ್ದರೆ ಯಾವ ಬೀಗವೂ ಅವನ್ನು ಕಾಪಾಡಲಾರದು. ಇಂದಿನ ಗಣಕಗಳಲ್ಲಿಯೂ ಇದೇ ತೊಡಕಿದೆ. ಪ್ರತಿಯೊಂದು ಸಂಸ್ಕಾರಕವೂ ಸ್ಮೃತಿಯ ಒಂದು ಭಾಗವನ್ನು ತನ್ನ ಬಳಿ ನಕಲು ಮಾಡಿಟ್ಟುಕೊಂಡಿರುತ್ತದೆ. ಭಾಷಾಂತರಕವು ವೇಗಕ್ಕಾಗಿ ಆಜ್ಞೆಗಳ ಕ್ರಮವನ್ನು ಬದಲಿಸುತ್ತದೆ. ಒಂದು ಎಳೆ ಬರೆದದ್ದು ಇನ್ನೊಂದಕ್ಕೆ ಯಾವಾಗ ಕಾಣತಕ್ಕದ್ದೆಂಬುದನ್ನು ಜಾವಾದಲ್ಲಿ 2004ರ ಪರಿಷ್ಕರಣೆಯೂ ಸಿ++ ಭಾಷೆಯಲ್ಲಿ 2011ರ ಪ್ರಮಾಣಗ್ರಂಥವೂ ಬರೆದು ಗೊತ್ತುಮಾಡಬೇಕಾಯಿತು.

ಮನುಷ್ಯರ ಕಚೇರಿಗೂ ಗಣಕದ ಎಳೆಗಳಿಗೂ ಈ ಹೋಲಿಕೆ ಸಲ್ಲದೆಂದು ಆಕ್ಷೇಪಿಸಬಹುದು. ಅಲ್ಲಿ ದಿನಗಳ ಲೆಕ್ಕ, ಇಲ್ಲಿ ಕ್ಷಣದ ಕೋಟಿಯಲ್ಲೊಂದು ಭಾಗದ ಲೆಕ್ಕ. ಎಳೆಯೊಂದಕ್ಕೆ ತಕರಾರಿನ ಅವಧಿಯನ್ನು ಕೊಡಲಾಗದೆಂಬುದು ನಿಜ. ಆದರೆ ತಕರಾರಿನ ಸ್ಥಾನದಲ್ಲಿ ಆವೃತ್ತಿಯ ಸಂಖ್ಯೆಯನ್ನು ಇಡಬಹುದು. ಓದುವಾಗ ದತ್ತದ ಆವೃತ್ತಿಯನ್ನು ಗುರುತಿಸಿಕೊಂಡು, ಬರೆಯುವಾಗ ಅದೇ ಆವೃತ್ತಿ ಇದ್ದರೆ ಮಾತ್ರ ಬರೆಯುವುದು, ಬದಲಾಗಿದ್ದರೆ ಬಿಟ್ಟು ಹೊಸದಾಗಿ ಓದಿ ನಿರ್ಣಯಿಸುವುದು. ತಾಳೆನೋಡುವುದೂ ಬರೆಯುವುದೂ ಒಂದೇ ಅಖಂಡ ಕ್ರಿಯೆಯಾಗಿರಬೇಕೆಂಬುದೇ ಇದರ ಕರಾರು. ಹೀಗೆ ಮಾಡಿದ್ದರೆ 8 ಎಂದು ಓದಿದ್ದ ಎರಡನೆಯ ಎಳೆಯು 6 ಎಂದು ಬರೆಯಲು ಹೋಗಿ ತಡೆಯಲ್ಪಟ್ಟು, 5 ಎಂದು ಮತ್ತೆ ಓದಿ, 3 ಎಂದು ಬರೆಯುತ್ತಿತ್ತು. ಹೊಲವು ಎಂಟು ಎಕರೆಯಾಗಿಯೇ ಉಳಿಯುತ್ತಿತ್ತು. ಕಾಲದ ಪ್ರಮಾಣ ಬೇರೆಯಾದರೂ ನ್ಯಾಯ ಒಂದೇ.

5

ಮೇಲಿನ ವಿಚಾರಣೆಯಿಂದ ಬೀಗವು ನಿಷ್ಪ್ರಯೋಜಕವೆಂದು ನಾವು ಸಾಧಿಸಹೊರಟಿಲ್ಲ. ಅದರ ಸ್ಥಾನವು ವಿಚಾರದ ಕೊನೆಯಲ್ಲಿ, ಮೊದಲಲ್ಲಿ ಅಲ್ಲ ಎಂಬುದಿಷ್ಟೇ ನಮ್ಮ ವಾದ. ದತ್ತಮಾದರಿಯನ್ನು ಹಂಚುವ ಮುನ್ನ ಕೇಳಬೇಕಾದವು ಬೇರೆ ಪ್ರಶ್ನೆಗಳು. ಇದನ್ನು ತಿದ್ದುವ ಹಕ್ಕು ಯಾರದು? ಉಳಿದವರಿಗೆ ಮೂಲವೇ ಬೇಕೆ, ಪ್ರತಿ ಸಾಲದೆ? ಎಂದೂ ಕೆಡಬಾರದ ನಿಯಮ ಯಾವುದು, ಅದು ಎಷ್ಟು ದತ್ತವನ್ನು ಒಳಗೊಳ್ಳುತ್ತದೆ? ಓದಿನ ಮೇಲೆ ನಿಂತ ನಿರ್ಣಯವು ಬರೆಯುವ ಹೊತ್ತಿಗೂ ಊರ್ಜಿತವಾಗಿದೆಯೆಂದು ತಿಳಿಯುವುದು ಹೇಗೆ? ಇವುಗಳಿಗೆ ಉತ್ತರ ದೊರೆತ ಮೇಲೆ ಬೀಗಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ. ಉತ್ತರ ದೊರೆಯದಿದ್ದರೆ ಬೀಗಗಳು ಹೆಚ್ಚಿದಷ್ಟೂ ಒಂದನ್ನೊಂದು ಕಾದು ನಿಲ್ಲುವ ಸ್ತಂಭನವೂ ಹೆಚ್ಚುತ್ತದೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯು ಹಲವರು ಓದಬಹುದು ಇಲ್ಲವೆ ಒಬ್ಬನೇ ತಿದ್ದಬಹುದು ಎಂಬ ಕಟ್ಟಳೆಯನ್ನು ಭಾಷಾಂತರಕದಿಂದಲೇ ಪಾಲಿಸಿಸುತ್ತದೆ. ಬ್ರಿಂಚ್ ಹ್ಯಾನ್ಸನ್ ಅವರು ಬಯಸಿದ್ದ ಶಿಸ್ತಿನ ದೊಡ್ಡ ಪಾಲು ಹೀಗೆ ಮನುಷ್ಯನ ನೆನಪಿನಿಂದ ಯಂತ್ರದ ಕಾವಲಿಗೆ ಬಂದಿದೆ. ಆದರೆ ಎಂಟು ಎಕರೆಯು ಎಂಟೇ ಆಗಿರಬೇಕೆಂಬ ನಿಯಮವನ್ನು ಯಾವ ಭಾಷೆಯೂ ತಾನಾಗಿ ಊಹಿಸಲಾರದು; ಅದನ್ನು ಹೇಳಬೇಕಾದವನು ತಂತ್ರಾಂಶವನ್ನು ರಚಿಸುವವನೇ.

ಯಳವತ್ತಿಯ ತಾಲೂಕು ಸ್ಥಳವಾದ ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ಅಲ್ಲಿ ದೊರೆತ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ 8ನೆಯ ಶತಮಾನದ ಶಾಸನವೊಂದು ಅರಸನ ಅಧಿಕಾರಿಗಳಿಗೂ ಊರಿನ ಮಹಾಜನರಿಗೂ ನಡುವೆ ಯಾರ ಹಕ್ಕು ಎಲ್ಲಿಯವರೆಗೆ, ಯಾರ ಕರ್ತವ್ಯ ಏನು ಎಂಬುದನ್ನು ಗೊತ್ತುಪಡಿಸಿ ಅದನ್ನು ಆಚಾರವ್ಯವಸ್ಥೆ ಎಂದು ಕರೆದಿದೆ. ಹಲವರು ಕೂಡಿ ಬಾಳುವಲ್ಲಿ ಮೊದಲು ಬೇಕಾದದ್ದು ವ್ಯವಸ್ಥೆ, ಕಾವಲು ಆಮೇಲಿನದು. ನಮ್ಮ ಪಠ್ಯಕ್ರಮಗಳು ಎಳೆಗಳ ಸುರಕ್ಷೆಯ ಅಧ್ಯಾಯವನ್ನು ಬೀಗದಿಂದ ತೊಡಗಿಸದೆ ಈ ವ್ಯವಸ್ಥೆಯ ಪ್ರಶ್ನೆಯಿಂದ ತೊಡಗಿಸುವುದು ಒಳಿತು. ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಖಾತೆ ಇವೆಲ್ಲವೂ ಇಂದು ಯಾವುದೋ ತಂತ್ರಾಂಶದ ಹಂಚಿಕೊಂಡ ದತ್ತಮಾದರಿಗಳಾಗಿರುವಾಗ, ವಿದ್ಯಾರ್ಥಿಯು ಬರೆದ ಒಂದು ಸಾಲಿನ ಅಜಾಗ್ರತೆಗೆ ದಂಡ ತೆರುವವನು ಆ ಸಾಲನ್ನು ಎಂದೂ ಓದಲಾರದ ರೈತ. ಥ್ರೆಡ್-ಸೇಫ್ ಎಂಬ ವಿಶೇಷಣವನ್ನು ಯಾವುದೇ ದತ್ತಮಾದರಿಗೆ ಹಚ್ಚುವ ಮೊದಲು ಅದು ಯಾರಿಗೆ, ಯಾವ ಕಟ್ಟಳೆಯ ಮೇರೆಗೆ ಸುರಕ್ಷಿತ ಎಂಬುದನ್ನು ಬರೆದು ತೋರಿಸುವ ಪದ್ಧತಿಯು ನಮ್ಮ ಪ್ರಯೋಗಶಾಲೆಗಳಲ್ಲಿ ಬೇರೂರಬೇಕು.